ಬುಡ್ತು ಅನ್ನಿಸಿಕೊಂಡ ಫಾರಮ್ಮುಗಳು

ವಿಶ್ವವಿದ್ಯಾಲಯದಲ್ಲಿ ರಸ್ತೆ ಸುರಕ್ಷತೆಗೂ ಗಾಯ ತಡೆಯುವುದಕ್ಕೂ ಅಂತಲೇ ಒಂದು ಸಂಶೋಧನಾ ಕೇಂದ್ರ ಇದೆ, ನಾನು ಅಲ್ಲಿ ಕೆಲಸದಲ್ಲಿದ್ದೀನಿ ಅಂದರೆ ನಮ್ಮ ಕಡೆಯವರು ಮೊದಲು ಕೇಳುವುದು, "ಅಂದ್ರೆ ಆರ್‌ಟಿಓನಾ?" ಅಂತ. ಅಲ್ಲ ಅಂದರೆ, "ಪೋಲೀಸಾ?" ಅದೂ ಅಲ್ಲ ಅಂದರೆ ಅವರ ಆಸಕ್ತಿ ಅಲ್ಲಿಗೆ ಮುಗಿಯುತ್ತದೆ. ನನ್ನ ಕೆಲಸ ಇಷ್ಟೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ರಸ್ತೆಯಲ್ಲಿ ಎಲ್ಲಿ, ಹೇಗೆ ಪೆಟ್ಟು ಮಾಡಿಕೊಂಡರು ಅಂತ ಕೇಳಿ ಫಾರಂ ತುಂಬುವುದು. ಆಸ್ಪತ್ರೆಗೆ, ಠಾಣೆಗೆ ಹೋದವರ ವಿಚಾರ ಕಾಗದದಲ್ಲಿ ಹೇಗೂ ಸಿಗುತ್ತದೆ. ಎಲ್ಲಿಗೂ ಹೋಗದೆ, ಮನೆಯಲ್ಲೇ ಅರಿಶಿನ ಮೆತ್ತಿಕೊಂಡು ಮಲಗಿ ಎದ್ದವರನ್ನು ಹುಡುಕುವುದು ನಮ್ಮ ಪಾಲಿನದು.

ಫಾರಮ್ಮಿನ ಮೊದಲ ಪ್ರಶ್ನೆ ಹೀಗಿತ್ತು: 'ಕಳೆದ ಒಂದು ವರ್ಷದಲ್ಲಿ ನಿಮ್ಮ ಕುಟುಂಬದ ಯಾರಿಗಾದರೂ ರಸ್ತೆ ಅಪಘಾತ ಸಂಭವಿಸಿದೆಯೇ?' ಮಳವಳ್ಳಿಯಿಂದ ಬಂಡೂರಿನ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯ ಮೊದಲ ಮನೆಯಲ್ಲಿ ಇದನ್ನು ಓದಿದೆ ನೋಡಿ, ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು ಕೈಯಲ್ಲಿದ್ದ ಕಾಯಿ ಬಿಸಾಕಿ, "ಥೂ, ಬುಡ್ತು ಅನ್ನು!" ಅಂದರು.

ಕೆಟ್ಟ ಮಾತು ಬಾಯಿಂದ ಬಿದ್ದರೆ ಅದು ಮನೆಗೆ ತಗುಲದಿರಲಿ ಅಂತ, ಆಡಿದವರ ಬಾಯಲ್ಲೇ 'ಬಿಡ್ತು' ಅನ್ನಿಸುವುದು ನಮ್ಮಲ್ಲಿ ರೂಢಿ. ನಾನೂ ಅಜ್ಜಿ ಕೈಲಿ ಬೆಳೆದವನೇ. "ಬುಡ್ತು" ಅಂದೆ. ಅವರಿಗೆ ಸಮಾಧಾನವಾಯಿತು. ನಾನು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿ ಪಕ್ಕದ ಮನೆಗೆ ಹೋದೆ. ಅಲ್ಲೂ ಬುಡ್ತು. ಮೂರನೇ ಮನೆಯ ಯಜಮಾನರಂತೂ ಬಾಯಲ್ಲಿದ್ದ ಬೇವಿನಕಡ್ಡಿ ತೆಗೆದು, "ಬೆಳ್ಬೆಳಿಗ್ಗೆ ಬಂದು ಆಕ್ಸಿಡೆಂಟಾಯ್ತಾ ಅಂತೀಯಲ್ಲ, ನಿಮ್ಮನೇಲಿ ಬುದ್ಧಿ ಯೋಳೋರ್ ಯಾರೂ ಇಲ್ವೇನ್ಲಾ?" ಅಂದರು. ಇಡೀ ಊರು ತಿರುಗಿದರೂ ನನ್ನ ಚೀಲದಲ್ಲಿ ಬರೀ 'ಇಲ್ಲ'.

ಕೇಂದ್ರದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಅಂತಲೇ ಕರೆಯುವುದು. ನಾನು ತಂದ ಫಾರಮ್ಮಿನ ಕಟ್ಟನ್ನು ಒಂದೊಂದಾಗಿ ಮಗುಚಿ ನೋಡಿ ಕನ್ನಡಕ ತೆಗೆದಿಟ್ಟರು. "ಏನಪ್ಪಾ, ಆ ಊರಲ್ಲಿ ರಸ್ತೆ ಮೇಲೆ ಹಾಸಿಗೆ ಹಾಸಿದಾರಾ?"

ಹಾಸಿದ್ದರು. ನನಗೆ ಆಗ ಹೊಳೆಯಲಿಲ್ಲ, ಅಷ್ಟೆ.

ಯಾವ ಊರಿನ ರಸ್ತೆಯಲ್ಲಿ ಏನು ಸರಿಮಾಡಬೇಕು ಅಂತ ಕೇಂದ್ರದಿಂದ ಪಂಚಾಯಿತಿಗಳಿಗೆ ಒಂದು ಪಟ್ಟಿ ಹೋಗಬೇಕಿತ್ತು. ಪೆಟ್ಟು ತಿಂದವರೇ ಇಲ್ಲದ ಊರು ಪಟ್ಟಿಗೆ ಸೇರುವುದಿಲ್ಲ. "ಸೋಮವಾರ ಕಳಿಸ್ತೀನಿ. ಅಷ್ಟರೊಳಗೆ ಇನ್ನೊಂದು ಸಲ ಹೋಗಿ ಬಾ" ಅಂದರು ಮೇಡಂ.

ಮಾರನೇ ದಿನ ಸ್ಕೂಟರ್ ಹತ್ತಿ ಹೋದೆ. ಊರ ಮುಂದಿನ ತಿರುವಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಹುರುಳಿ ಗಿಡ ಹರಡಿದ್ದರು. ಕಿತ್ತ ಗಿಡವನ್ನು ಟಾರು ರಸ್ತೆಗೆ ಹಾಕಿಬಿಟ್ಟರೆ ಬಸ್ಸು, ಲಾರಿ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಕಣ ಸಾರಿಸುವ ಗೋಜಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ. ನೋಡಿದ್ದೇ ಅಂತಲೇ ಬ್ರೇಕು ಹಿಡಿಯಲಿಲ್ಲ. ಮುಂದಿನ ಚಕ್ರ ಎಣ್ಣೆ ಮೇಲೆ ಹೋದ ಹಾಗೆ ಹೋಯಿತು, ನಾನೊಂದು ಕಡೆ, ಸ್ಕೂಟರೊಂದು ಕಡೆ.

ಕವೆಗೋಲಿನಿಂದ ಗಿಡ ತಿರುವುತ್ತಿದ್ದ ಒಬ್ಬ ಮುದುಕಿ ಓಡಿ ಬಂದರು. "ಅಯ್ಯೋ ಮಗ! ಉಳ್ಳಿ ಆಕಿರೋದು ಕಾಣಾಕಿಲ್ವಾ ಕಣ್ಗೆ? ನಿಧಾನುಕ್ ಬರೋದಲ್ವಾ?" ಅನ್ನುತ್ತಾ, ಮೊದಲು ಚೆಲ್ಲಾಡಿದ ಹುರುಳಿಯನ್ನು ಕಾಲಲ್ಲಿ ಒಟ್ಟುಮಾಡಿ ಆಮೇಲೆ ನನ್ನನ್ನು ಎತ್ತಿದರು. ಎದುರಿಗೇ ಅವರ ಮನೆ. ಜಗಲಿ ಮೇಲೆ ಕೂರಿಸಿದರು. ಸೊಸೆ ಕಾಫಿಪುಡಿ ತಂದು ನನ್ನ ತರಚಿದ ಮೊಣಕೈಗೆ ಒತ್ತಿದರು, ಎಡಗೈಯಲ್ಲಿ. ಅವರ ಬಲಗೈ ಮಣಿಕಟ್ಟು ಸೊಟ್ಟಗಿತ್ತು.

ಅಷ್ಟರಲ್ಲಿ ಮೇಡಂ ಫೋನು. "ಯಾಕೆ ದನಿ ಹಂಗಿದೆ? ಏನಾಯ್ತು?"

"ಏನಿಲ್ಲ ಮೇಡಂ, ಜಾರ್‌ದೆ ಅಷ್ಟೆ."

ಫೋನು ಜೇಬಿಗೆ ಹಾಕಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನನ್ನ ಅಜ್ಜಿ ಬಾಯಲ್ಲಿ ಎಡವಿದ, ಮುಗ್ಗರಿಸಿದ, ಜಾರಿದ, ಕೆಡವಿಕೊಂಡ ಎಲ್ಲವೂ ಬರುತ್ತಿತ್ತು. 'ಅಪಘಾತ' ಅಂದರೆ ಅದು ಹೆಣ ಬಂದ ಮನೆಯ ಮಾತು. ಅದೆಲ್ಲ ಗೊತ್ತಿದ್ದೂ ನಾನು ಮನೆಮನೆ ಬಾಗಿಲಲ್ಲಿ ಪುಸ್ತಕದ ಪ್ರಶ್ನೆ ಓದಿ ಬಂದಿದ್ದೆ.

ಫಾರಂ ತೆಗೆದು, ಅಲ್ಲಿ ಬರೆದದ್ದನ್ನು ಬಿಟ್ಟು ಕೇಳಿದೆ: "ಅಮ್ಮ, ಈ ತಿರುವಲ್ಲಿ ಇನ್ಯಾರಾದ್ರೂ ಜಾರಿದಾರಾ?"

"ಜಾರ್‌ದೆ ಇರೋರ್ ಯಾರವ್ರೆ ಏಳು! ಇಸ್ಕೂಲ್ ಮೇಷ್ಟ್ರು ಮಂಡಿ ಒಡ್ಕಂಡ್ರು. ಪೋಸ್ಟಿನೋನು ಚೀಲುದ್ ಸಮೇತ ಬಿದ್ದ. ಪೂಜಾರಪ್ಪ ಬಿದ್ದ, ದ್ಯಾವ್ರ ಪರ್ಸಾದ ಎಲ್ಲ ಉಳ್ಳಿ ಮ್ಯಾಲೆ, ನಮ್ ಕುರಿಗಳು ತಿಂದ್ಕಂಡೊ."

ಬರೆಯುತ್ತಾ ಹೋದೆ. ಕೈ ಉರಿಯುತ್ತಿದ್ದರೂ ಖುಷಿಯಾಗಿತ್ತು. "ನಿಮ್ಮನೇಲಿ?"

ಮುದುಕಿ ಕವೆಗೋಲು ಎತ್ತಿಕೊಂಡರು. "ನಮ್ಮನೇಲಿ ಯಾರೂ ಇಲ್ಲ."

"ಊಂ, ಇಲ್ಲ ಅಂತ್ಲೇ ಬರ್ಕಳಿ," ಅಂದರು ಸೊಸೆ. "ದಿನಾ ಡೈರಿಗೆ ಆಲು ಕೊಂಡೋಗ್ವಾಗ ಈ ತಿರುವಲ್ಲಿ ಇಳ್ದು ಗಾಡಿ ತಳ್ಕಂಡೋಯ್ತೀನಲ್ಲ, ಅದು ಸೋಕಿಗೆ."

ನಾನು ಪಟ್ಟಿಯ ವಿಚಾರ ಹೇಳಿದೆ. ಊರು ಪಟ್ಟಿಗೆ ಸೇರಿದರೆ ಒಕ್ಕಣೆಗೆ ಒಂದು ಸಿಮೆಂಟಿನ ಕಣ ಮಾಡಿಸಿಕೊಡಿ ಅಂತ ಪಂಚಾಯಿತಿಗೆ ಬರೆಯಬಹುದು, ರಸ್ತೆ ಖಾಲಿಯಾಗುತ್ತದೆ; ಸೇರದಿದ್ದರೆ ಮುಂದಿನ ಸುಗ್ಗಿಗೂ ಇದೇ ತಿರುವು, ಇದೇ ಹುರುಳಿ. ಬಿದ್ದವರ ಹೆಸರು ಬರೆಯುವುದಿಲ್ಲ, ಕೇಸೂ ಆಗುವುದಿಲ್ಲ ಅಂದೆ. ಬೇರೆಯವರು ಬಿದ್ದ ಕತೆಗಿಂತ, ತಮಗೇ ಆದ ಪೆಟ್ಟು ತೋರಿಸಿ ಹೇಳುವ ಒಬ್ಬರು ಬೇಕು ಅಂತಲೂ ಹೇಳಿದೆ.

"ಯಾರ್ ಉಳ್ಳೀಲಿ ಬಿದ್ರು ಅಂತ ಬರೀತೀಯಾ?" ಅಂತ ಕೇಳಿದರು ಮುದುಕಿ.

"ಇಲ್ಲಮ್ಮ."

ಬಸ್ಸೊಂದು ಬಂತು. ಹುರುಳಿಕಾಯಿ ಚಟಚಟ ಅಂತ ಸಿಡಿದವು. ಮುದುಕಿ ಅಭ್ಯಾಸಬಲದಿಂದ ಎರಡು ಹೆಜ್ಜೆ ಅತ್ತ ಹೋಗಿ ನಿಂತುಬಿಟ್ಟರು. ತಿರುಗಿ ಬಂದರು.

"ಬರ್ಕೋ. ನಮ್ ಸೊಸೆ. ಓದ್ ವರ್ಸ, ಇದೇ ತಿರುವು. ಆಲಿನ್ ಕ್ಯಾನ್ ಉಳುಸ್ಕಳಕ್ ಓಗಿ ಕೈ ಊರುದ್ಲು, ಮುರ್‌ದೋಯ್ತು. ಉಳ್ಳಿ ನಂದೇ."

"ಅದು ಬೇಕಿಲ್ಲಮ್ಮ. ಬರೆಯೋಕೆ ಜಾಗಾನೂ ಇಲ್ಲ."

"ಪಕ್ಕುದಲ್ಲಿ ಬೆಳ್ಳುಗ್ ಐತಲ್ಲ, ಅಲ್ಲಿ ಬರಿ. ಅತ್ತೆ ಉಳ್ಳಿ ಅಂತ ಬರಿ."

ಸೊಸೆ ನನ್ನ ಮೊಣಕೈ ಬಿಟ್ಟು ಅತ್ತೆಯನ್ನೇ ನೋಡಿದರು. "ವರ್ಸದಿಂದ ಗಾಡಿ ಟೈರು ಸವ್ದಿತ್ತು, ಟೈರು ಸವ್ದಿತ್ತು ಅಂತಿದ್ರಲ್ಲ ಅತ್ತೆ?"

"ಟೈರೂ ಸವ್ದಿತ್ತು ಕಣಮ್ಮಿ," ಅಂದರು ಮುದುಕಿ.

ನಾನು ಬರೆದೆ. ಟೈರನ್ನೂ ಬರೆದೆ. ಆಮೇಲೆ ಬೇವಿನಕಡ್ಡಿ ಯಜಮಾನರಿಂದ ಹಿಡಿದು ಎಲ್ಲ ಮನೆಗೂ ಮತ್ತೆ ಹೋಗಿ 'ಜಾರಿದ್ರಾ' ಅಂತ ಕೇಳಿದೆ. ಚೀಲದಲ್ಲಿದ್ದ ಫಾರಂ ಸಾಲದೆ ಪುಸ್ತಕದ ಹಾಳೆ ಹರಿದುಕೊಳ್ಳಬೇಕಾಯಿತು. ಮೇಡಂ ಅವನ್ನೆಲ್ಲ ಓದಿ ಮೊದಲ ಪ್ರಶ್ನೆಯ ಮೇಲೆ ಅಡ್ಡಗೆರೆ ಎಳೆದರು. 'ಅಪಘಾತ' ಅನ್ನುವ ಮಾತು ಈಗ ಫಾರಮ್ಮಿನ ಕೊನೆಯ ಪುಟದಲ್ಲಿದೆ.

ಕಣ ಆಗುವ ಹೊತ್ತಿಗೆ ಇನ್ನೊಂದು ಸುಗ್ಗಿ ಕಳೆದಿತ್ತು. ಅದರ ಮುಂದಿನ ಸುಗ್ಗಿಯಲ್ಲಿ ನಾನು ಹೋದಾಗ ಮುದುಕಿ ಶಾಲೆ ಹಿಂದಿನ ಸಿಮೆಂಟಿನ ಮೇಲೆ ಹುರುಳಿ ಹರಡಿಕೊಂಡು ಕೂತಿದ್ದರು. ಕಂಡದ್ದೇ ಶುರು: "ಕಣ ಏನೋ ಮಾಡುಸ್ದೆ, ಇಲ್ಲಿಗೆ ಬಸ್ಸು ಯಾರ್ ತತ್ತಾರ್ಲಾ? ನಿಮ್ ಮೇಡಮ್ಮುನ್ ಕಾರಾದ್ರೂ ಕಳ್ಸು, ನಾಕ್ ಸುತ್ ಒಡೀಲಿ."

ಅವರು ಬೈಯುತ್ತಿರುವಾಗಲೇ ಅತ್ತ ತಿರುವಿನಲ್ಲಿ ಸೊಸೆಯ ಸ್ಕೂಟರ್ ಬಂತು. ಹಾಲಿನ ಕ್ಯಾನು ಮುಂದೆ ಇತ್ತು. ಇಳಿಯಲಿಲ್ಲ. ನಮ್ಮನ್ನು ನೋಡಿ ಒಂದು ಸಲ ಹಾರನ್ ಒತ್ತಿ ಹಾಗೇ ಹೊರಟುಹೋದರು.