ಬಾರ್ಲಿ ಹೊಲದ ನಡುವಿನ ದಾರಿ

ತಂಗಿ ಶಬಾನಾ ನರ್ಸ್ ಆಗಿರುವ ಈ ಪುಟ್ಟ ಊರಿನ ಅರ್ಧ ಜನ ಬೆಳಗಾದರೆ ಲಂಡನ್ನಿನ ರೈಲು ಹತ್ತುತ್ತಾರೆ. ಸ್ಟೇಷನ್ನಿನ ಹಿಂದಿನ ಬೇಲಿ ದಾಟಿದರೆ ಸಾಕು, ಹೊಲ. ನನ್ನ ಜೊತೆ ನಮ್ಮೂರು ಹೊರ್ತಿಯಿಂದ ಬಂದಿದ್ದ ದಸ್ತಗೀರ ಮಾಮಾ ಅಲ್ಲಿಯೇ ನಿಂತುಬಿಟ್ಟರು. ಕಾಲುದಾರಿ ಬಾರ್ಲಿ ಬೆಳೆಯ ನಟ್ಟನಡುವೆ ಹಾದುಹೋಗಿತ್ತು.

“ಮಂದಿ ಬೆಳಿಯಾಗ ಹಂಗ ಹೋಗಬಾರದವಾ. ಮಾಲಕರನ್ನ ಕೇಳೂನು.”

“ಇದು ಎಲ್ಲಾರ ದಾರಿ ಮಾಮಾ,” ಎಂದಳು ತಂಗಿ. “ಮುಚ್ಚದಂಗ ನೋಡ್ಕೊಳ್ಳೂದು ಹೊಲದವರ ಕೆಲಸ.”

ಮಾಮಾ ನಂಬಲಿಲ್ಲ. ಊರಲ್ಲಿ ಅವರ ನಿಂಬೆ ತೋಟದ ದಾರಿಯನ್ನು ಪಕ್ಕದ ಹೊಲದ ಬಸಣ್ಣ ಪ್ರತಿವರ್ಷ ಟ್ರ್ಯಾಕ್ಟರ್ ಹೊಡೆದು ಅಳಿಸಿಬಿಡುತ್ತಾರೆ. ಆ ಜಗಳದಲ್ಲಿ ಇಬ್ಬರ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿದೆ.

ಅಷ್ಟರಲ್ಲಿ ನಾಯಿ ಹಿಡಿದ ಅಜ್ಜಿಯೊಬ್ಬರು ನಮಗೆ ಹಲೋ ಹೇಳಿ ಸೀದಾ ಬಾರ್ಲಿಯೊಳಗೆ ನಡೆದರು. ಅವರ ಹಿಂದೆಯೇ ಹೊರಟ ಮಾಮಾ, ಹೊಲದ ನಡುವೆ ನಿಂತು ಬಸಣ್ಣನಿಗೇ ವಿಡಿಯೋ ಕಾಲ್ ಮಾಡಿದರು!

“ಬಸಣ್ಣಾ, ನೋಡಪಾ! ಬೆಳಿ ನಡುವ ದಾರಿ! ಮಾಲಕನೇ ಬಿಟ್ಟಾನ!”

ಬಸಣ್ಣ ಫೋನಿನಲ್ಲಿ ಬಹಳ ಹೊತ್ತು ಆ ದಾರಿಯನ್ನೇ ನೋಡಿದರು.

“ಛಲೋ ಐತ್ರಿ. ಹಂಗಾದ್ರ ನೀವು ಅಲ್ಲೇ ಇದ್ದಬಿಡ್ರಿ.”

ಮಾಮಾ ನಕ್ಕ ನಗುವಿಗೆ ಮುಂದೆ ಹೋಗುತ್ತಿದ್ದ ನಾಯಿ ತಿರುಗಿ ನೋಡಿತು.