ಪಂಚಮಿಗೆ ಕರೆಯಲು ಬರುತ್ತಿದ್ದ ಅಣ್ಣ

ಕಲಬುರಗಿಗೆ ಬಂದು ಶಹಾಬಜಾರದ ಓಣಿಯಲ್ಲಿ ಖಾನಾವಳಿ ಇಟ್ಟಾಗ ಅಂಬಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹುಟ್ಟಿದ್ದೂ ಕೊಟ್ಟಿದ್ದೂ ಕಮಲಾಪುರದಲ್ಲೇ. ಗಂಡ ದೇವೀಂದ್ರಪ್ಪನ ಕೆಂಪು ಬಾಳೆಯ ತೋಟಕ್ಕೂ ಆಕೆಯ ಅಣ್ಣ ದೌಲಪ್ಪನ ಹೊಲಕ್ಕೂ ನಡುವೆ ಒಂದೇ ಬದು. ಬಾವಿ ಮಾತ್ರ ದೇವೀಂದ್ರಪ್ಪನ ಕಡೆ ಇತ್ತು. ದೌಲಪ್ಪ ತನ್ನ ಹೊಲದಲ್ಲಿ ಬಾವಿ ತೋಡಿಸಿದಾಗಲೆಲ್ಲ ಬಂಡೆಯೇ ಹತ್ತಿತು. "ನಿನ್ನ ಗಂಡನ ನಸೀಬ ಛಲೋ ಅದ" ಎಂದು ತಂಗಿಯ ಮುಂದೆ ನಗುತ್ತ ಹೇಳುತ್ತಿದ್ದ. ಆ ಮಾತಿನಲ್ಲಿ ಅಂಬಮ್ಮನಿಗೆ ಬೇರೇನೂ ಕೇಳಿಸಿರಲಿಲ್ಲ.

೧೯೪೮, ನಿಜಾಮನ ಆಳ್ವಿಕೆಯ ಕೊನೆಯ ವರ್ಷ. ದೇವೀಂದ್ರಪ್ಪ ನಿಜಾಮನ ಪರದ ರಜಾಕಾರರ ಪಡೆಯ ವಿರುದ್ಧ ಹೋರಾಡಲು ಸೊಲ್ಲಾಪುರದ ಗಡಿಯ ಶಿಬಿರ ಸೇರಿದ್ದ. ಹೆಂಡತಿ ಜ್ವರದಲ್ಲಿ ಮಲಗಿದ್ದಾಳೆಂದು ಯಾರೋ ಹೇಳಿದ್ದು ಕೇಳಿ ಶ್ರಾವಣದಲ್ಲಿ ಕದ್ದು ಊರಿಗೆ ಬಂದ. ಜ್ವರ ಬಂದಿದ್ದು ಮೇಲಿನ ಓಣಿಯ ಇನ್ನೊಬ್ಬ ಅಂಬಮ್ಮನಿಗೆ. ಬಂದವನು ತೋಟದ ಗುಡಿಸಲಲ್ಲಿ ಅಡಗಿ ಕೂತ. ತಾನು ಹೋದರೆ ಜನರ ಕಣ್ಣಿಗೆ ಬೀಳುತ್ತದೆಂದು ಅಂಬಮ್ಮ ಅಣ್ಣನ ಕೈಯಲ್ಲಿ ರೊಟ್ಟಿಗಂಟು ಕಳಿಸಿದಳು. ಅವನಿರುವ ಜಾಗ ಗೊತ್ತಿದ್ದುದು ಅಣ್ಣ ತಂಗಿ ಇಬ್ಬರಿಗೇ. ಮರುದಿನ ಲಾರಿಯಲ್ಲಿ ಬಂದ ರಜಾಕಾರರು ದೇವೀಂದ್ರಪ್ಪನನ್ನು ಎಳೆದೊಯ್ದರು. ಹೆಣ ಹಳ್ಳದ ದಂಡೆಯಲ್ಲಿ ಸಿಕ್ಕಿತು. ದೌಲಪ್ಪನೇ ಅದನ್ನು ಹೊತ್ತು ತಂದು, ಎದೆ ಬಡಿದುಕೊಂಡು ಅತ್ತ.

ಮುಂದಿನ ತಿಂಗಳೇ ಭಾರತದ ಸೈನ್ಯ ಬಂತು, ನಿಜಾಮನ ರಾಜ್ಯ ಮುಗಿಯಿತು. ಸ್ವಲ್ಪ ತಡೆದು ಬಂದಿದ್ದರೆ ಜೀವ ಉಳಿಯುತ್ತಿತ್ತೆಂದು ಊರು ಆಡಿಕೊಂಡಿತು.

"ಹಣೀಬರಹ, ತಂಗಿ" ಎಂದ ದೌಲಪ್ಪ. "ಒಬ್ಬಾಕಿ ತೋಟ ಹ್ಯಾಂಗ ನೋಡ್ತಿ? ನನ್ನ ಹೆಸರಿಗೆ ಇರ್ಲಿ. ನಿನ್ನ ನಾ ನೋಡ್ಕೋತೀನಿ."

ಅಂಬಮ್ಮ ಹೆಬ್ಬೆಟ್ಟು ಒತ್ತಿದಳು. ಆ ಗುಡಿಸಲು ದಿನಾ ಕಣ್ಣಿಗೆ ಬೀಳುವ ಊರಲ್ಲಿ ಇರಲಾಗದೆ ಕಲಬುರಗಿಗೆ ಬಂದಳು.

ದೌಲಪ್ಪ ಕೊಟ್ಟ ಮಾತು ತಪ್ಪಲಿಲ್ಲ. ಪ್ರತಿ ವರ್ಷ ನಾಗರಪಂಚಮಿಗೆ ತಾನೇ ಬಂದು ತವರಿಗೆ ಕರೆದೊಯ್ಯುತ್ತಿದ್ದ, ಸೀರೆ ಉಡಿಸುತ್ತಿದ್ದ, ಬಾಳೆಗೊನೆ ತರುತ್ತಿದ್ದ. "ನಮ್ಮಣ್ಣ ತಂದಾನ್ರಿ" ಎಂದು ಅಂಬಮ್ಮ ಗಿರಾಕಿಗಳಿಗೆ ಹಣ್ಣು ಹಂಚುತ್ತಿದ್ದಳು.

೧೯೫೪ರ ಪಂಚಮಿಗೂ ಅವನು ಗೊನೆ ಹೊತ್ತು ಬಂದ. ಖಾನಾವಳಿಗೆ ಕಟ್ಟಿಗೆ ಹಾಕುವ ಲಾಲ್ ಅಹ್ಮದ್ ಅಂಗಳದಲ್ಲಿದ್ದ. ಅವನು ಹಿಂದಿನ ದಿನವೇ ಬಂದು ಹೋಗಬೇಕಾಗಿತ್ತು. ಗಾಡಿಯ ಅಚ್ಚು ಮುರಿದು ತಡವಾಗಿತ್ತು. ದೌಲಪ್ಪನ ಮುಖ ನೋಡಿದವನೇ ಅರ್ಧ ಕಟ್ಟಿಗೆ ಇಳಿಸಿ, ಗಾಡಿ ಹೊಡೆದುಕೊಂಡು ಹೋದ. ತವರಿನಿಂದ ಮರಳಿದ ಮೇಲೆ ಅಂಬಮ್ಮ ಕೇಳಿದಳು, "ಆವತ್ತು ಯಾಕ ಹಂಗ ಹೋದಿ, ಲಾಲಭಾಯಿ?"

"ಬಂದಿದ್ದವ್ರು ನಿಮಗ ಏನಾಗಬೇಕ್ರಿ?"

"ನಮ್ಮ ಅಣ್ಣ."

ಲಾಲ್ ಅಹ್ಮದ್ ತಲೆಯ ಮೇಲಿನ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. "ನಾ ಆಗ ಲಾರಿ ಹೊಡೀತಿದ್ದೆ. ರಜಾಕಾರರು ಬಂದೂಕ ಹಿಡಿದು ಕಮಲಾಪುರಕ್ಕ ನಡಿ ಅಂದ್ರು. ಊರ ಹೊರಗ ಹುಣಸಿಗಿಡದ ತೆಳಗ ಇವ್ರು ನಿಂತಿದ್ರು. ತೋಟದ ಗುಡಿಸಲು ಕೈ ಮಾಡಿ ತೋರ್ಸಿದ್ರು. ಮತ್ತ ಒಂದು ಮಾತು ಕೇಳಿದ್ರು. 'ಅವ ಹೊಳ್ಳಿ ಬರಂಗಿಲ್ಲ ಅಲ್ಲ?' ಅಂತ."

ಅಂಬಮ್ಮ ಒಳಗೆ ಹೋಗಿ, ಉಳಿದಿದ್ದ ಗೊನೆಯನ್ನು ತಂದು ಓಣಿಯ ಎಮ್ಮೆಯ ಮುಂದೆ ಹಾಕಿದಳು. ಆಮೇಲೆ ಕಮಲಾಪುರದ ಬಸ್ಸು ಹತ್ತಿದಳು.

ದೌಲಪ್ಪ ಬಾವಿಯ ಹತ್ತಿರ ನಿಂತು ನೀರು ತಿರುಗಿಸುತ್ತಿದ್ದ. ಬದು ಹೋಗಿತ್ತು, ಎರಡೂ ಹೊಲಗಳಲ್ಲಿ ಬಾಳೆ. ಅಂಬಮ್ಮ ಕೂಡಲಿಲ್ಲ. ರಜಾಕಾರರಿಗೆ ಗುಡಿಸಲು ತೋರಿಸಿದ್ದು ನೀನೇ ಏನು ಎಂದು ಕೇಳಿದಳು.

ಅವನು ಸಲಿಕೆ ಕೆಳಗಿಟ್ಟ. "ಕಾಲ ಕೆಟ್ಟಿತ್ತು, ಅಂಬವ್ವ. ಹೇಳ್ದಿದ್ರ ನನ್ನ ಮನಿ ಸುಡ್ತಿದ್ರು."

"ಮನಿ ಉಳಿಸ್ಕೊಳ್ಳಾಕ ಹೇಳಿದ್ದಿ ಅಂದ್ರ ಹ್ಯಾಂಗರ ತಡಕೊಂತಿದ್ದೆ. ಅವ ಹೊಳ್ಳಿ ಬರಂಗಿಲ್ಲ ಅಲ್ಲ ಅಂತ ಯಾಕ ಕೇಳಿದ್ದಿ ಅಣ್ಣಾ?"

ದೌಲಪ್ಪ ಸಲಿಕೆ ಎತ್ತಿಕೊಂಡು ಮತ್ತೆ ನೀರು ತಿರುಗಿಸತೊಡಗಿದ. ಅವನ ಹೆಂಡತಿ ವಿಮಲಾಬಾಯಿ ನೀರಿನ ತಂಬಿಗೆ ಹಿಡಿದು ದೂರದಲ್ಲೇ ನಿಂತುಬಿಟ್ಟಳು. ಆ ನೀರು ಕುಡಿಯದೆ ಅಂಬಮ್ಮ ತಿರುಗಿದಳು. ಬಸ್ಸಿನಲ್ಲಿ ಇಡೀ ದಾರಿ ಆಕೆಗೆ ಗಂಡನ ಮುಖ ನೆನಪಾಗಲಿಲ್ಲ. ರೊಟ್ಟಿಗಂಟು ಇಸಿದುಕೊಳ್ಳಲು ಚಾಚಿದ ಅಣ್ಣನ ಕೈಯೇ ಕಾಣುತ್ತಿತ್ತು.

ಠಾಣೆಗೂ ಹೋದಳು. ಸಾಕ್ಷಿ ಯಾರೆಂದು ಫೌಜದಾರ ಕೇಳಿದ. ಲಾಲ್ ಅಹ್ಮದ್ ಕೈ ಮುಗಿದ: "ನಾ ಬಾಯಿ ಬಿಟ್ರ ಮೊದಲು ನನ್ನೇ ಹಿಡೀತಾರ್ರೀ." ಅಂಬಮ್ಮ ಒತ್ತಾಯ ಮಾಡಲಿಲ್ಲ. ಬಂದೂಕಿನ ಮುಂದೆ ಲಾರಿ ಹೊಡೆದವನಿಗೂ, ಮರದ ಕೆಳಗೆ ತಾನಾಗಿ ಬಂದು ನಿಂತವನಿಗೂ ವ್ಯತ್ಯಾಸ ಆಕೆಗೆ ಗೊತ್ತಿತ್ತು. ಕೇಸು ಅಲ್ಲಿಗೇ ನಿಂತಿತು. ಮುಂದಿನ ಪಂಚಮಿಗೆ ದೌಲಪ್ಪ ಕಳಿಸಿದ ಸೀರೆಯನ್ನು ತಂದವರ ಕೈಯಲ್ಲೇ ತಿರುಗಿ ಕಳಿಸಿದಳು.

ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ ಮೈಸೂರಿಗೆ ಸೇರಿದ ವರ್ಷ ದೌಲಪ್ಪ ಕಲಬುರಗಿಯ ಧಾನ್ಯದ ಪೇಟೆಯಾದ ಗಂಜಿನಲ್ಲಿ ತೊಗರಿಯ ಅಡತಿ ಅಂಗಡಿ ತೆಗೆದ. ಜನ ಅವನಿಗೆ ಸಾವಕಾರ ಎನ್ನತೊಡಗಿದರು. ಖಾನಾವಳಿಗೆ ಬೇಳೆ ಕೊಳ್ಳಲು ಅಂಬಮ್ಮ ಅದೇ ಸಾಲಿಗೆ ಹೋಗಬೇಕು. ಬೇರೆ ಹಾದಿಯಲ್ಲಿ ಹೋಗಿರೆಂದು ಕೆಲಸದ ಬಂಡೆಮ್ಮ ಹೇಳಿದಳು.

"ನಾ ಯಾಕ ಹಾದಿ ಬಿಡಲಿ?" ಎಂದಳು ಅಂಬಮ್ಮ.

ಒಮ್ಮೆ ದೌಲಪ್ಪ ಗಾದಿಯಿಂದ ಎದ್ದು ನಿಂತು, "ತಂಗೀ, ಬ್ಯಾಳಿ ಒಯ್ಯಿ" ಎಂದು ಕರೆದ. ಅಂಬಮ್ಮ ಪಕ್ಕದ ಅಂಗಡಿಯಲ್ಲಿ ಬೇಳೆ ತೂಗಿಸಿಕೊಂಡು, ಅವನ ಮುಂದೆಯೇ ನಡೆದು ಹೋದಳು. ಅವತ್ತಿನಿಂದ ಆಕೆ ಸಾಲಿನ ತುದಿಯಲ್ಲಿ ಕಂಡ ಕೂಡಲೇ ದೌಲಪ್ಪ ಗುಮಾಸ್ತನನ್ನು ಗಾದಿಗೆ ಕೂರಿಸಿ ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದ.