ಎಡಗೈ ಬೀಗರ ಮದುವೆ

ಬೆನಕಪ್ಪನವರಿಗೆ ಬೋರ್ಡು ಬರೆಯುವುದು ಹೊಟ್ಟೆಪಾಡು, ಚಿತ್ರಕಥೆ ಹುಚ್ಚು. ಚನ್ನಗಿರಿಯ ಅರ್ಧ ಅಂಗಡಿಗಳ ಹೆಸರು ಅವರ ಕೈಯವೇ. ಅವರು ಕಳಿಸಿದ ಕಥೆಗಳನ್ನೆಲ್ಲ ಬೆಂಗಳೂರಿನ ಪತ್ರಿಕೆಯವರು ವಾಪಸು ಕಳಿಸಿದರು. ೧೯೭೬ರಲ್ಲಿ ಬೆನಕಪ್ಪ ತಾವೇ ಅಚ್ಚು ಹಾಕಿಸಲು ಹೊರಟರು. ಚಿತ್ರ ಅಚ್ಚಾಗಲು ಬೇಕಾದ ಲೋಹದ ಬ್ಲಾಕು ಮಾಡಿಸುವ ತಾಕತ್ತಿರಲಿಲ್ಲ. ಹಲಗೆಯ ಮೇಲೆ ಚಿತ್ರ ಬರೆದು ಉಳಿಯಿಂದ ಕೆತ್ತಿದರು. ಎಂಟು ತಿಂಗಳು. ಹೆಂಡತಿ ಶಿವಗಂಗಮ್ಮ ಮರದ ಚಕ್ಕೆ ಗುಡಿಸಿ ಒಲೆಗೆ ಹಾಕುತ್ತಿದ್ದಳು.

ಕಥೆ ಒಂದು ಮದುವೆಯದು. ಹೊನ್ನಾಳಿಯ ಜಯದೇವಪ್ಪನ ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ. ಮೊದಲು ಮುಖಪುಟ ಒಂದನ್ನೇ ಹೊಡೆದು ನೋಡಿದರು. ಅದರಲ್ಲಿದ್ದದ್ದು ಜೋಡಿ ಎತ್ತು. ಎತ್ತಿಗೆ ಎಡವೇನು, ಬಲವೇನು? ಸರಿ ಎಂದು ಪೂರ್ತಿ ಹೊಡೆಸಿದರು.

ಪುಸ್ತಕದ ಕಟ್ಟು ಮನೆಗೆ ಬಂತು. ಪಕ್ಕದ ಮನೆಯ ಅನ್ನಪೂರ್ಣಮ್ಮ ಪುಟ ತಿರುವಿ ಬಾಯಿಗೆ ಸೆರಗು ಹಿಡಿದರು.

“ಅಲ್ರೀ ಬೆನಕಪ್ಪಾರೆ, ಇದ್ಯಾವೂರ ಬೀಗರ್ರೀ? ಪಂಕ್ತೀಲಿ ಕುಂತೋರೆಲ್ಲ ಎಡಗೈಲಿ ಉಣ್ತಾರೆ! ಮದುಮಗಳ ಸೆರಗು ಬಲಗಡೆ ಐತೆ!”

ಹಲಗೆಯ ಮೇಲೆ ನೆಟ್ಟಗೆ ಕೆತ್ತಿದ್ದು ಕಾಗದಕ್ಕೆ ಬೀಳುವಾಗ ಎಡಬಲ ತಿರುಗುತ್ತದೆ. ಪ್ರೆಸ್ಸಿನ ಅಕ್ಷರದ ಮೊಳೆ ಮೊದಲೇ ತಿರುವುಮುರುವಾಗಿರುತ್ತದೆ, ಅದು ಸರಿ ಬಂದಿತ್ತು. ಚಿತ್ರ ಕೆಟ್ಟಿತ್ತು.

ಅನ್ನಪೂರ್ಣಮ್ಮ ಹೋದ ಮೇಲೆ ಬೆನಕಪ್ಪ ಉಳಿಯನ್ನು ಅಟ್ಟಕ್ಕೆ ಎಸೆದರು. ಕಟ್ಟನ್ನು ನೀರೊಲೆಯ ಮುಂದೆ ತಂದು ಹಾಕಿದರು.

“ಇನ್ಮ್ಯಾಲೆ ಬೋರ್ಡು ಬರ್ಕಂಡು ಬಿದ್ದಿರ್ತೀನಿ. ಒಲೆಗೆ ಹಾಕು.”

ಶಿವಗಂಗಮ್ಮ ಒಂದು ಪುಸ್ತಕ ತೆಗೆದು ನೋಡಿದಳು. ಅವಳ ಓದು ಎರಡನೇ ಕ್ಲಾಸು. ಅವಳು ಎಡಚಿ. ತವರಿನಲ್ಲಿ ಆ ಕೈಗೆ ಬರೆ ಬಿದ್ದಿತ್ತು. ಪಂಕ್ತಿಗೆ ಬಡಿಸಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಒಬ್ಬಳೇ ಇದ್ದಾಗ ಮಾತ್ರ ಎಡಗೈಯಲ್ಲಿ ಉಣ್ಣುತ್ತಿದ್ದಳು. ಈ ಪುಸ್ತಕದಲ್ಲಿ ಊರಿಗೆ ಊರೇ ಹಾಗೆ ಉಣ್ಣುತ್ತಿತ್ತು. ಬೀಗಿತ್ತಿ ಎಡಗೈಯಲ್ಲಿ ತುಪ್ಪ ಬಡಿಸುತ್ತಿದ್ದಳು. ಬೈಯುವವರೇ ಇಲ್ಲ.

“ಸುಡಾಕೆ ಬಿಡಲ್ಲ.”

“ಜನ ನಗ್ತಾರೆ ಕಣೇ.”

“ನಗ್ಲಿ ಬಿಡ್ರಿ. ಮದ್ವೆ ಕಥೆ ತಾನೆ ಬರ್ದಿದ್ದು, ತಿಥಿದಲ್ವಲ್ಲ?”

ಸಂತೇಬೆನ್ನೂರು ಸಂತೆಯಲ್ಲಿ ಅವಳೇ ಗೋಣಿ ಹಾಸಿ ಕುಳಿತಳು. “ಎಡಗೈ ಬೀಗರ ಮದ್ವೆ, ನೋಡ್ಕಂಡು ನಗ್ರಿ!” ಎಂದು ಕೂಗಿದಳು. ನಕ್ಕವರು ಕೊಂಡರು. ಬಳೆ ಅಂಗಡಿಯ ಹಿಂದೆ ಮರೆಯಾಗಿ ನಿಂತಿದ್ದ ಬೆನಕಪ್ಪ ಮಧ್ಯಾಹ್ನದ ಹೊತ್ತಿಗೆ ಬಂದು ಗೋಣಿಯ ತುದಿಯಲ್ಲಿ ಕುಳಿತರು. ಮರುದಿನ ಅಟ್ಟ ಹತ್ತಿ ಉಳಿ ಹುಡುಕಿದರು.

ಆಮೇಲೆ ಒಂಬತ್ತು ಪುಸ್ತಕ ಬಂದವು, ಎಲ್ಲವೂ ಸರಿಯಾಗಿ ತಿರುವಿ ಕೆತ್ತಿದವು. ಬಸ್ಸಿನ ಮೇಲೆ ಕಟ್ಟು ಹಾಕಿಕೊಂಡು ಇಬ್ಬರೂ ನ್ಯಾಮತಿಗೆ, ಜಗಳೂರಿಗೆ ಹೋಗುತ್ತಿದ್ದರು. ಮೊದಲನೆಯದರಷ್ಟು ಯಾವುದೂ ಖರ್ಚಾಗಲಿಲ್ಲ. ಅದಕ್ಕೆ ಬೆನಕಪ್ಪ ಬೇಜಾರು ಮಾಡಿಕೊಳ್ಳಲಿಲ್ಲ.

೧೯೮೭ರಲ್ಲಿ ಬೆನಕಪ್ಪ ತೀರಿಕೊಂಡರು. ಹನ್ನೊಂದನೆಯದರ ಮೊದಲ ಹಲಗೆ ಅರ್ಧಕ್ಕೇ ಉಳಿಯಿತು. ಶಿವಗಂಗಮ್ಮ ಅದನ್ನು ಒರೆಸಿ ಇಟ್ಟಿದ್ದಾಳೆ. ಹೆಂಗಸಿನ ಮುಖ ಕೆತ್ತಿ ಆಗಿದೆ. ಕೈಗಳು ಇನ್ನೂ ಪೆನ್ಸಿಲಿನಲ್ಲೇ ಇವೆ.